ಆಡಳಿತ ವಿರೋಧಿ ಅಲೆ: ಕರ್ನಾಟಕ, 1983–2023

ಅಧಿಕಾರದಲ್ಲಿರುವ ಪಕ್ಷದ ಮೇಲೆ ಜನರಿಗೆ ಹುಟ್ಟಿದ ಬೇಸರ ಮತಗಟ್ಟೆಯವರೆಗೂ ಬಂದು ಆ ಪಕ್ಷವನ್ನು ಕೆಳಗಿಳಿಸಿದರೆ ಕನ್ನಡದ ಪತ್ರಿಕೆಗಳು ಅದನ್ನು ಆಡಳಿತ ವಿರೋಧಿ ಅಲೆ ಎನ್ನುತ್ತವೆ. ಈ ವಿಷಯದಲ್ಲಿ ಕರ್ನಾಟಕದ ಮತದಾರರ ದಾಖಲೆ ಗಟ್ಟಿಯಾದದ್ದು. 1985ರ ನಂತರ ನಡೆದ ಎಂಟು ವಿಧಾನಸಭಾ ಚುನಾವಣೆಗಳಲ್ಲಿ ಆಳುತ್ತಿದ್ದ ಯಾವ ಪಕ್ಷವೂ ಬಹುಮತದೊಂದಿಗೆ ಮರಳಿಲ್ಲ. ಇದನ್ನು ನೋಡಿದವರು, ಇಲ್ಲಿಯ ಜನ ಐದು ವರ್ಷಕ್ಕೊಮ್ಮೆ ಸರ್ಕಾರವನ್ನು ಬದಲಾಯಿಸುವುದನ್ನೇ ರೂಢಿ ಮಾಡಿಕೊಂಡಿದ್ದಾರೆ ಎಂದುಬಿಡುತ್ತಾರೆ. ಚುನಾವಣಾ ಆಯೋಗದ ಅಂಕಿಗಳು ಅಷ್ಟು ಸರಳವಾದ ಕಥೆ ಹೇಳುವುದಿಲ್ಲ. ಸೋತ ಆಡಳಿತ ಪಕ್ಷದ ಮತ ಪ್ರಮಾಣ ಎಷ್ಟೋ ಸಲ ಹೆಚ್ಚೇನೂ ಇಳಿದಿರುವುದಿಲ್ಲ. ಒಮ್ಮೆಯಂತೂ ಏರಿಯೂ ಇತ್ತು. ಜನರ ಸಿಟ್ಟು ಎಷ್ಟಿತ್ತು ಎಂಬುದಕ್ಕಿಂತ, ಆ ಸಿಟ್ಟನ್ನು ಒಂದೆಡೆ ಸೇರಿಸಬಲ್ಲವರು ಆಗ ಇದ್ದರೇ, ಆಳುವವರ ಮನೆಯೇ ಒಡೆದಿತ್ತೇ ಎಂಬುದು ಫಲಿತಾಂಶವನ್ನು ಹೆಚ್ಚು ನಿರ್ಧರಿಸಿದೆ. ಇದಕ್ಕೆ ಮೊದಲ ನಿದರ್ಶನ ಆರ್. ಗುಂಡೂರಾವ್ ಸರ್ಕಾರ ಬಿದ್ದ 1983ರ ಚುನಾವಣೆ. ಮೂಲ ಮಾದರಿಯೂ ಅದೇ ಆದ್ದರಿಂದ ಈ ಲೇಖನ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಒಂದೇ ಪಕ್ಷದ ಕಾಲ

1983ಕ್ಕೆ ಮುಂಚೆ ಅಸಮಾಧಾನವೇ ಇರಲಿಲ್ಲ ಎಂದಲ್ಲ. ಅದು ತೀರುವಳಿಯಾಗುತ್ತಿದ್ದುದು ಕಾಂಗ್ರೆಸ್ಸಿನ ಮನೆಯೊಳಗೆ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರನ್ನು 1956ರಲ್ಲಿ ಇಳಿಸಿದ್ದು ಮತದಾರರಲ್ಲ, ಅವರ ಪಕ್ಷದ ಶಾಸಕರೇ. 1958ರಲ್ಲಿ ಎಸ್. ನಿಜಲಿಂಗಪ್ಪನವರು ಹೋಗಿ ಬಿ.ಡಿ. ಜತ್ತಿಯವರು ಬಂದದ್ದೂ ಇದೇ ರೀತಿ. ಪಕ್ಷವನ್ನು ಉಳಿಸಿಕೊಂಡು ವ್ಯಕ್ತಿಗೆ ಪೆಟ್ಟು ಕೊಡುವ ಕಲೆ ಮತದಾರರಿಗೂ ಗೊತ್ತಿತ್ತು. 1962ರಲ್ಲಿ ರಾಜ್ಯ ಕಾಂಗ್ರೆಸ್ಸಿಗೆ ಬಹುಮತ ಕೊಟ್ಟಿತು, ಹೊಸದುರ್ಗ ನಿಜಲಿಂಗಪ್ಪನವರನ್ನು ಸೋಲಿಸಿತು. ಅವರು ಬಾಗಲಕೋಟೆಯಿಂದ ಆರಿಸಿ ಬರುವ ವ್ಯವಸ್ಥೆಯಾಗುವ ತನಕ ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದರು.

1969ರಲ್ಲಿ ಕಾಂಗ್ರೆಸ್ ಒಡೆದ ಮೇಲೂ ರಾಜ್ಯ ಸಿಕ್ಕಿದ್ದು ಕಾಂಗ್ರೆಸ್ಸಿನ ಇನ್ನೊಂದು ಬಣಕ್ಕೆ. ತುರ್ತು ಪರಿಸ್ಥಿತಿಯ ನಂತರ ಉತ್ತರ ಭಾರತವೆಲ್ಲ ಇಂದಿರಾ ಗಾಂಧಿಯವರನ್ನು ತಿರಸ್ಕರಿಸಿದಾಗ ಕರ್ನಾಟಕ ಅವರ ಕೈ ಬಿಡಲಿಲ್ಲ. 1978ರ ಫೆಬ್ರುವರಿಯಲ್ಲಿ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನ ಗೆದ್ದಿತು. ಅದೇ ವರ್ಷದ ಕೊನೆಗೆ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳಿಸಿತು. ಇಂಥ ರಾಜ್ಯ ಐದೇ ವರ್ಷದಲ್ಲಿ ಅವರ ಪಕ್ಷವನ್ನು ಮೊದಲ ಬಾರಿಗೆ ವಿರೋಧ ಪಕ್ಷದ ಸಾಲಿನಲ್ಲಿ ಕೂರಿಸಿತು.

ಗುಂಡೂರಾವ್ ಸರ್ಕಾರ, 1980–83

ಈ ಸರ್ಕಾರ ಹುಟ್ಟಿದ ರೀತಿಯಲ್ಲೇ ಒಂದು ಕೊರತೆಯಿತ್ತು. 1979ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸರು ಇಂದಿರಾ ಗಾಂಧಿಯವರಿಂದ ದೂರವಾದರು. ಶಾಸಕರಲ್ಲಿ ಬಹುಪಾಲು ಅರಸರ ಜೊತೆಗಿದ್ದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಬೆಂಗಳೂರು ದಕ್ಷಿಣ ಮಾತ್ರ ಜನತಾ ಪಕ್ಷಕ್ಕೆ ಉಳಿಯಿತು. ಫಲಿತಾಂಶ ಬಂದದ್ದೇ ತಡ, ಶಾಸಕರು ಗುಂಪುಗುಂಪಾಗಿ ಗೆದ್ದ ಕಡೆಗೆ ನಡೆದರು. ಅರಸರು ರಾಜೀನಾಮೆ ಕೊಟ್ಟರು. ಕೊಡಗಿನ ಸೋಮವಾರಪೇಟೆಯ ಶಾಸಕ ಗುಂಡೂರಾವ್ ಜನವರಿ 12ರಂದು ಮುಖ್ಯಮಂತ್ರಿಯಾದರು. ಆಗ ಅವರಿಗೆ ನಲವತ್ತಮೂರು ವರ್ಷವೂ ತುಂಬಿರಲಿಲ್ಲ. ವಿಧಾನಸಭೆಗೆ ಚುನಾವಣೆ ನಡೆದಿರಲಿಲ್ಲ. ಅರಸರ ನಾಯಕತ್ವದಲ್ಲಿ ಗೆದ್ದ ಸದನವೇ ಈಗ ಅರಸರ ವಿರೋಧಿಗಳ ಸರ್ಕಾರವಾಗಿತ್ತು. ಜನ ಆರಿಸಿದ್ದು ದೆಹಲಿಯ ಸರ್ಕಾರವನ್ನು, ಅದರ ಜೊತೆಗೆ ಬೆಂಗಳೂರಿನ ಸರ್ಕಾರವೂ ತಾನಾಗಿ ಬಂತು. ಪಕ್ಷಾಂತರ ನಿಷೇಧ ಕಾಯ್ದೆ ಬರಲು ಇನ್ನೂ ಐದು ವರ್ಷವಿತ್ತು.

ಮೊದಲ ಪೆಟ್ಟು ಬಿದ್ದದ್ದು ಆರೇ ತಿಂಗಳಲ್ಲಿ, ಆಗಿನ ಧಾರವಾಡ ಜಿಲ್ಲೆಯ ಎರಿಭೂಮಿಯಲ್ಲಿ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಕಾಲುವೆಗಳು ನರಗುಂದ, ನವಲಗುಂದದ ಕಡೆ ಹರಿಯಬೇಕಿತ್ತು. ಕೆಲವು ಹೊಲಗಳಿಗೆ ನೀರು ಬಂತು, ಕೆಲವಕ್ಕೆ ಬರಲಿಲ್ಲ, ಕೆಲವು ಜವುಳು ಹಿಡಿದವು. ಕರ ಮಾತ್ರ ಎಲ್ಲರಿಗೂ ಬಂತು. ನೀರಿನ ಕರದ ಜೊತೆಗೆ ಬೆಟರ್‌ಮೆಂಟ್ ಲೆವಿ ಎಂಬ ಇನ್ನೊಂದು ಹೊರೆಯಿತ್ತು. ನೀರಾವರಿಯಿಂದ ಭೂಮಿಯ ಬೆಲೆ ಏರಿದೆ, ಏರಿದ್ದರಲ್ಲಿ ಸರ್ಕಾರಕ್ಕೂ ಪಾಲು ಕೊಡಬೇಕು ಎನ್ನುವುದು ಅದರ ತರ್ಕ. ಹತ್ತಿಯ ದರ ಕುಸಿದು, ಗೊಬ್ಬರದ ಬೆಲೆ ಏರಿ, ಸಾಲದ ವಸೂಲಿಗೆ ಬ್ಯಾಂಕಿನವರು ಬಾಗಿಲಿಗೆ ಬಂದು ನಿಂತಿದ್ದಾಗ, ನಿನ್ನ ಹೊಲ ಉದ್ಧಾರವಾಗಿದೆ, ಅದರ ಕರ ಕೊಡು ಎಂದು ತಲಾಟಿ ಹೇಳುವುದನ್ನು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗೂ ಇರಲಿಲ್ಲ. 1980ರ ಜುಲೈ 21ರಂದು ಎರಡೂ ಊರುಗಳಲ್ಲಿ ಸೇರಿದ ರೈತರ ಮೇಲೆ ಗೋಲಿಬಾರ್ ಆಯಿತು. ರೈತರು ಸತ್ತರು, ನರಗುಂದದಲ್ಲಿ ಉದ್ರಿಕ್ತ ಗುಂಪಿನ ಕೈಗೆ ಸಿಕ್ಕ ಪೊಲೀಸರೂ ಸತ್ತರು. ಆ ದಿನವನ್ನು ಈಗಲೂ ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ.

ಗಲಭೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಸರ್ಕಾರ ಲೆವಿಯ ವಸೂಲಿ ನಿಲ್ಲಿಸಿ ಒಂದಷ್ಟು ರಿಯಾಯಿತಿ ಘೋಷಿಸಿದಾಗ ರೈತರ ಮುಂದೆ ಲೆವಿಗಿಂತ ದೊಡ್ಡ ಪ್ರಶ್ನೆಗಳಿದ್ದವು. ಶಿವಮೊಗ್ಗದ ಕಡೆಯ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಸೇರಿ ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿದರು. ಹಳ್ಳಿಗಳ ಹೆಬ್ಬಾಗಿಲಲ್ಲಿ, ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅಪ್ಪಣೆಯಿಲ್ಲದೆ ಊರೊಳಗೆ ಬರಬಾರದೆಂಬ ಬೋರ್ಡುಗಳು ಎದ್ದವು. ಜಪ್ತಿಯಾದ ಪಾತ್ರೆಪಗಡವನ್ನು ರೈತರೇ ಹೋಗಿ ವಾಪಸ್ ತರುವ ಮರುಜಪ್ತಿ ಚಳವಳಿಯ ಭಾಗವಾಯಿತು. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ನರಗುಂದದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿದವು. ರೈತ ಸಂಘದ ಹಸಿರು ಶಾಲಿನವರು ಮಾತ್ರ ಪಕ್ಷಗಳನ್ನು ಒಂದು ಅಳತೆ ದೂರದಲ್ಲೇ ಇಟ್ಟರು.

ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಮುಷ್ಕರ ಹೂಡಿದ್ದರು. 1980ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಮುಷ್ಕರ 77 ದಿನ ನಡೆಯಿತು. ಈ ಕಾರ್ಖಾನೆಗಳ ಒಡೆಯ ಕೇಂದ್ರ ಸರ್ಕಾರ, ರಾಜ್ಯದ ಕೈಯಲ್ಲಿದ್ದುದು ಪೊಲೀಸು ಮಾತ್ರ. ಸಂಬಳವಿಲ್ಲದೆ ಕಳೆದ ಎರಡೂವರೆ ತಿಂಗಳಲ್ಲಿ ಈ ವ್ಯತ್ಯಾಸವನ್ನು ಯಾರು ಲೆಕ್ಕಕ್ಕಿಟ್ಟಾರು? ಎರಡೂ ಕಡೆ ಒಂದೇ ಪಕ್ಷವಿತ್ತು. 1981ರ ಜುಲೈಯಲ್ಲಿ ಬೆಂಗಳೂರಿನ ಬಡವರ ಬೀದಿಗಳಲ್ಲಿ ವಿಷಪೂರಿತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು.

ಗೋಕಾಕ್ ವರದಿಯ ಪ್ರಕರಣ ಬೇರೆಯದೇ ಜಾತಿಯದು. ಇಲ್ಲಿ ಗುಂಡು ಹಾರಿದ್ದಕ್ಕಿಂತ ಕಾಲ ಜಾರಿದ್ದು ಸರ್ಕಾರಕ್ಕೆ ಮುಳುವಾಯಿತು. ಪ್ರೌಢಶಾಲೆಗಳಲ್ಲಿ ಕನ್ನಡವನ್ನೇ ಓದದೆ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಳ್ಳುವ ಅವಕಾಶದ ವಿರುದ್ಧ ಎದ್ದ ತಕರಾರನ್ನು ಪರಿಶೀಲಿಸಲು 1980ರ ಜುಲೈಯಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. 1981ರ ಜನವರಿಯಲ್ಲಿ ಬಂದ ವರದಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು ಎಂದಿತು. ಸರ್ಕಾರ ಒಂದು ವರ್ಷಕ್ಕೂ ಹೆಚ್ಚು ಕಾಲ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಧಾರವಾಡದಲ್ಲಿ ಪಾಟೀಲ ಪುಟ್ಟಪ್ಪ, ಚಂದ್ರಶೇಖರ ಪಾಟೀಲ, ಬೆಂಗಳೂರಿನಲ್ಲಿ ಎಂ. ಚಿದಾನಂದಮೂರ್ತಿ ಮುಂತಾದವರು ನಡೆಸುತ್ತಿದ್ದುದು ಸಾಹಿತಿಗಳ, ಅಧ್ಯಾಪಕರ, ವಿದ್ಯಾರ್ಥಿಗಳ ಚಳವಳಿ. 1982ರಲ್ಲಿ ರಾಜಕುಮಾರ್ ಅದಕ್ಕೆ ಬಂದು ಸೇರಿದ ಮೇಲೆ ಅದರ ಸ್ವರೂಪವೇ ಬದಲಾಯಿತು. ಚಿತ್ರರಂಗದವರನ್ನು ಕರೆದುಕೊಂಡು ಅವರು ಜಿಲ್ಲೆಜಿಲ್ಲೆ ತಿರುಗಿದರು. ಸಾಹಿತಿಯ ಭಾಷಣಕ್ಕೆ ನೂರು ಜನ ಸೇರುತ್ತಿದ್ದ ಊರಿನಲ್ಲಿ ಮೈದಾನ ಸಾಲದಾಯಿತು. ಏಪ್ರಿಲ್ ಕೊನೆಯಲ್ಲಿ ಒಂದು ರಾಜಿ ಆದೇಶ ಬಂತು, ಯಾರಿಗೂ ಹಿಡಿಸಲಿಲ್ಲ. ಜುಲೈಯಲ್ಲಿ ಇನ್ನಷ್ಟು ಬಗ್ಗಿದ ಆದೇಶ ಬಂತು. ಕೇಳಿದ್ದರಲ್ಲಿ ಬಹುಪಾಲು ಕೊಟ್ಟ ಮೇಲೂ ಕೊಟ್ಟವರಿಗೆ ಹೆಸರು ಬರಲಿಲ್ಲ. ತಡಮಾಡಿ ಕೊಟ್ಟರೆ ಗೌರವ ಕಿತ್ತುಕೊಂಡವರಿಗೆ ಹೋಗುತ್ತದೆ. ನರಗುಂದದ ಲೆವಿ ವಿಷಯದಲ್ಲೂ ಆದದ್ದು ಇದೇ.

ಇವುಗಳ ಜೊತೆಗೆ ಮುಖ್ಯಮಂತ್ರಿಯ ನಡೆನುಡಿ. ಗುಂಡೂರಾವ್ ಆತ್ಮೀಯರಲ್ಲಿ ಸರಳ, ಸ್ನೇಹಮಯಿ ಎನಿಸಿಕೊಂಡವರು. ಅಧಿಕಾರದಲ್ಲಿ ಅವರ ಮಾತಿಗೆ ಲಗಾಮಿರಲಿಲ್ಲ. ಇಂದಿರಾ ಗಾಂಧಿ ಮತ್ತು ಸಂಜಯ ಗಾಂಧಿಯವರ ಮೇಲಿನ ನಿಷ್ಠೆಯನ್ನು ಅವರು ಮುಚ್ಚಿಟ್ಟುಕೊಳ್ಳಲಿಲ್ಲ. ತಮ್ಮ ಕುರ್ಚಿಯ ಮೂಲ ದೆಹಲಿಯಲ್ಲಿದೆ ಎಂದು ಹೇಳಿಕೊಳ್ಳಲು ಸಂಕೋಚಪಡಲೂ ಇಲ್ಲ. ಪತ್ರಕರ್ತರ ಜೊತೆ ಜಗಳ ನಿತ್ಯದ್ದಾಯಿತು. ಪಿ. ಲಂಕೇಶರು ತಮ್ಮ ವಾರಪತ್ರಿಕೆ ಆರಂಭಿಸಿದ್ದು 1980ರ ಜುಲೈಯಲ್ಲಿ, ಅಂದರೆ ನರಗುಂದದ ಗೋಲಿಬಾರಿನ ತಿಂಗಳಲ್ಲೇ. ಜಾಹೀರಾತು ಇಲ್ಲದ ಆ ಕಪ್ಪು ಬಿಳುಪು ಹಾಳೆಗಳಲ್ಲಿ ಮುಖ್ಯಮಂತ್ರಿ ಬರೀ ‘ಗುಂ’ ಆದರು. ದಿನಪತ್ರಿಕೆಯ ಸಂಪಾದಕೀಯಕ್ಕೆ ಉತ್ತರ ಕೊಡಬಹುದು, ಒಂದಕ್ಷರದ ಅಡ್ಡಹೆಸರಿಗೆ ಉತ್ತರವೆಲ್ಲಿದೆ? ಟೀವಿ ಮನೆಮನೆಗೆ ಬರುವ ಮುಂಚಿನ ಆ ಕಾಲದಲ್ಲಿ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗಳೇ ಸರ್ಕಾರದ ಮುಖಕ್ಕೆ ಹಿಡಿದ ಕನ್ನಡಿಗಳಾಗಿದ್ದವು.

ವಿರೋಧಿಗಳು ಒಂದಾದದ್ದು ಕೊನೆಯ ಗಳಿಗೆಯಲ್ಲಿ. ಅರಸರು ಕಟ್ಟಿದ್ದ ಕ್ರಾಂತಿರಂಗ, 1982ರ ಜೂನ್ 6ರಂದು ಅವರು ತೀರಿಕೊಂಡ ಮೇಲೆ, ಎಸ್. ಬಂಗಾರಪ್ಪನವರ ನಾಯಕತ್ವಕ್ಕೆ ಬಂತು. ಅರಸರು ಒಡೆದು ಹೋದಾಗ ಇಂದಿರಾ ಕಾಂಗ್ರೆಸ್ಸಿನ ರಾಜ್ಯ ಘಟಕದ ಅಧ್ಯಕ್ಷರಾಗಿದ್ದವರೇ ಈ ಬಂಗಾರಪ್ಪ. ಕ್ರಾಂತಿರಂಗದವರು ಜನತಾ ಪಕ್ಷದ ನೇಗಿಲು ಹೊತ್ತ ರೈತನ ಗುರುತಿನಲ್ಲೇ ಸ್ಪರ್ಧಿಸಲು ಒಪ್ಪಿದರು. ಹಿಂದುಳಿದ ವರ್ಗಗಳಲ್ಲಿ ಅರಸರಿಗಿದ್ದ ಪ್ರಭಾವ ಮತ್ತು ಒಕ್ಕಲಿಗ, ಲಿಂಗಾಯತರಲ್ಲಿ ಜನತಾ ಪಕ್ಷಕ್ಕಿದ್ದ ಬಲ ಒಂದೇ ಗುರುತಿನಡಿ ಬಂದವು. ನನ್ನ ದೃಷ್ಟಿಯಲ್ಲಿ ಆ ಚುನಾವಣೆಯನ್ನು ತಿರುಗಿಸಿದ್ದು ಈ ಒಪ್ಪಂದ. ನರಗುಂದ, ಗೋಕಾಕ್ ಇಲ್ಲದಿದ್ದರೂ ಇದು ಆಗಬಹುದಿತ್ತು. ಇದಿಲ್ಲದೆ ಬರೀ ನರಗುಂದ, ಗೋಕಾಕ್ ಸರ್ಕಾರವನ್ನು ಉರುಳಿಸುತ್ತಿದ್ದವೇ ಎಂಬುದು ಅನುಮಾನ.

ಮತವೆಷ್ಟು, ಸ್ಥಾನವೆಷ್ಟು

1983ರ ಜನವರಿ 5ರಂದು ಮತದಾನವಾಯಿತು. ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18, ಎರಡು ಕಮ್ಯುನಿಸ್ಟ್ ಪಕ್ಷಗಳಿಗೆ ತಲಾ 3 ಸ್ಥಾನ ಬಂದವು. ಪಕ್ಷೇತರರು 22 ಜನ ಗೆದ್ದರು. ಗುಂಡೂರಾವ್ ತಮ್ಮ ಸೋಮವಾರಪೇಟೆಯಲ್ಲೇ ಜನತಾ ಪಕ್ಷದ ಬಿ.ಎ. ಜೀವಿಜಯ ಅವರೆದುರು ಸೋತರು.

ಮತಗಳ ಲೆಕ್ಕ ಬೇರೆಯೇ ಇದೆ. ಸೋತ ಕಾಂಗ್ರೆಸ್ಸಿಗೆ ಬಂದದ್ದು ಶೇ 40ಕ್ಕೂ ಹೆಚ್ಚು ಮತ. ಗೆದ್ದ ಜನತಾ ಪಕ್ಷಕ್ಕೆ ಸುಮಾರು ಶೇ 33. ಕಾಂಗ್ರೆಸ್ 1978ರಲ್ಲಿ ಪಡೆದಿದ್ದು ಸುಮಾರು ಶೇ 44. ನಾಲ್ಕು ಅಂಶ ಕಳೆದುಕೊಂಡದ್ದಕ್ಕೆ 67 ಸ್ಥಾನ ತೆರಬೇಕಾಯಿತು. ಜನತಾ ಪಕ್ಷದ ಪಾಲೂ 1978ಕ್ಕಿಂತ ಇಳಿದಿತ್ತು. ಮತದಾನದ ಪ್ರಮಾಣ ಕೂಡ ಸುಮಾರು ಶೇ 72ರಿಂದ 66ರ ಆಸುಪಾಸಿಗೆ ಬಂದಿತ್ತು. ಬೇಸತ್ತವರಲ್ಲಿ ಒಂದಷ್ಟು ಜನ ವಿರೋಧಿಗಳಿಗೆ ಮತ ಹಾಕುವ ಬದಲು ಮನೆಯಲ್ಲೇ ಉಳಿದರು, ಇನ್ನೊಂದಷ್ಟು ಜನ ಯಾವ ಪಕ್ಷಕ್ಕೂ ಸೇರದವರನ್ನು ಹುಡುಕಿಕೊಂಡರು ಎಂದು ಇದರಿಂದ ಊಹಿಸಬಹುದು.

ಅದೇ ದಿನ ಆಂಧ್ರಪ್ರದೇಶದಲ್ಲೂ ಮತದಾನ ನಡೆದಿತ್ತು. ಅಲ್ಲಿ ಕಾಂಗ್ರೆಸ್ ಹೈಕಮಾಂಡ್ ಐದು ವರ್ಷದೊಳಗೆ ಚೆನ್ನಾರೆಡ್ಡಿ, ಅಂಜಯ್ಯ, ಭವನಂ ವೆಂಕಟರಾಮಿ ರೆಡ್ಡಿ, ಕೋಟ್ಲ ವಿಜಯಭಾಸ್ಕರ ರೆಡ್ಡಿ ಎಂದು ನಾಲ್ವರು ಮುಖ್ಯಮಂತ್ರಿಗಳನ್ನು ಕೂರಿಸಿ ಎಬ್ಬಿಸಿತ್ತು. ಕರ್ನಾಟಕದಲ್ಲಿ ಒಬ್ಬರನ್ನೇ ಕೊನೆಯವರೆಗೂ ಉಳಿಸಿಕೊಂಡಿತು. ಎರಡೂ ಕಡೆ ಸೋತಿತು. ಒಂಬತ್ತೇ ತಿಂಗಳ ಹಿಂದೆ ಎನ್.ಟಿ. ರಾಮರಾವ್ ಕಟ್ಟಿದ ತೆಲುಗುದೇಶಂ 294ರಲ್ಲಿ 200ಕ್ಕೂ ಹೆಚ್ಚು ಸ್ಥಾನ ಬಾಚಿತು. ಮುಖ ಬದಲಾಯಿಸಿದರೆ ಅಸಮಾಧಾನ ಇಳಿಯುತ್ತದೆ ಎಂಬ ಲೆಕ್ಕಾಚಾರ ಆಗಲೇ ಹುಸಿಯಾಗಿದ್ದರೂ ಮುಂದಿನ ನಲವತ್ತು ವರ್ಷ ಎಲ್ಲ ಪಕ್ಷಗಳೂ ಅದನ್ನೇ ಮಾಡುತ್ತ ಬಂದವು.

ಬೆಂಗಳೂರಿನಲ್ಲಿ 95ಕ್ಕೆ ಬಿಜೆಪಿಯ 18 ಕೂಡಿದರೆ ಸರಿಯಾಗಿ 113. ಆ ಬೆಂಬಲ, ಎಡಪಕ್ಷಗಳ ಮತ್ತು ಪಕ್ಷೇತರರ ನೆರವಿನೊಂದಿಗೆ ರಾಮಕೃಷ್ಣ ಹೆಗಡೆ ಜನವರಿ 10ರಂದು ಪ್ರಮಾಣವಚನ ತೆಗೆದುಕೊಂಡರು. ಬಂಗಾರಪ್ಪ, ಎಚ್.ಡಿ. ದೇವೇಗೌಡ, ಎಸ್.ಆರ್. ಬೊಮ್ಮಾಯಿ ಇವರ ನಡುವಿನ ಪೈಪೋಟಿಯಲ್ಲಿ, ರಾಜ್ಯಸಭೆಯಲ್ಲಿದ್ದ, ಚುನಾವಣೆಗೇ ನಿಲ್ಲದ ಹೆಗಡೆಯವರಿಗೆ ಕುರ್ಚಿ ಒಲಿಯಿತು. ಆ ಸದನಕ್ಕೆ ಮೊದಲ ಸಲ ಬಂದವರಲ್ಲಿ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಇದ್ದರು; ಕಾಂಗ್ರೆಸ್, ಜನತಾ ಎರಡರ ಹೊರಗೆ ನಿಂತು ಚಾಮುಂಡೇಶ್ವರಿಯಲ್ಲಿ ಗೆದ್ದ ಸಿದ್ದರಾಮಯ್ಯ ಇದ್ದರು. ಒಂದು ಸರ್ಕಾರದ ಮೇಲಿನ ಮುನಿಸಿನಿಂದ ಒಳಗೆ ಬಂದ ಇವರಿಬ್ಬರೂ ಮುಂದೆ ತಾವೇ ಮುಖ್ಯಮಂತ್ರಿಗಳಾಗಿ ಅಂಥದೇ ಮುನಿಸನ್ನು ಎದುರಿಸಿದರು.

ದೆಹಲಿಗೆ ಒಂದು ಮತ, ವಿಧಾನಸೌಧಕ್ಕೆ ಇನ್ನೊಂದು

ಹೆಗಡೆ ಸರ್ಕಾರ ಪಂಚಾಯತ್ ರಾಜ್ ಕಾಯ್ದೆ, ಲೋಕಾಯುಕ್ತ, ಕನ್ನಡ ಕಾವಲು ಸಮಿತಿ ಇವುಗಳಿಂದ ಹೆಸರು ಮಾಡಿತು. ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಕೊರೆಸಿದ ಕೊಳವೆಬಾವಿಗಳಿಂದಾಗಿ ಹಳ್ಳಿಗಳಲ್ಲಿ ‘ನೀರು ಸಾಬ್’ ಆದರು. ಹೀಗಿದ್ದೂ 1984ರ ಡಿಸೆಂಬರಿನಲ್ಲಿ, ಇಂದಿರಾ ಹತ್ಯೆಯ ನಂತರದ ಲೋಕಸಭಾ ಚುನಾವಣೆಯಲ್ಲಿ, ರಾಜ್ಯದ 28ರಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಜನಾದೇಶ ಕಳೆದುಕೊಂಡೆ ಎಂದು ಹೆಗಡೆ ರಾಜೀನಾಮೆ ಕೊಟ್ಟು ಚುನಾವಣೆ ಎದುರಿಸಿದರು. 1985ರ ಮಾರ್ಚಿನಲ್ಲಿ ಅದೇ ಜನ ಅವರಿಗೆ 139 ಸ್ಥಾನ ಕೊಟ್ಟರು. ನಡುವೆ ಇದ್ದದ್ದು ಮೂರು ತಿಂಗಳೂ ಅಲ್ಲ.

ಇಲ್ಲೂ ಕಾಂಗ್ರೆಸ್ಸಿನ ಮತ ಕರಗಿರಲಿಲ್ಲ. ಶೇ 41ರ ಹತ್ತಿರವೇ ಇತ್ತು, 1983ಕ್ಕಿಂತ ಕೂದಲೆಳೆ ಹೆಚ್ಚು. ಹಿಂದಿನ ಸಲ ಪಕ್ಷೇತರರು, ಬಿಜೆಪಿ ಎಂದು ಹಂಚಿಹೋಗಿದ್ದ ಉಳಿದ ಮತ ಈ ಸಲ ಜನತಾ ಪಕ್ಷದಲ್ಲಿ ಕೂಡಿಕೊಂಡು ಸುಮಾರು ಶೇ 44 ಆಯಿತು. ಲೋಕಸಭೆ ಮತ್ತು ವಿಧಾನಸಭೆಗೆ ಬೇರೆ ಬೇರೆ ಅಳತೆಗೋಲು ಇಟ್ಟುಕೊಳ್ಳುವ ಈ ರೂಢಿ ಆಮೇಲೂ ಬಿಟ್ಟುಹೋಗಲಿಲ್ಲ. 2013ರಲ್ಲಿ ಕಾಂಗ್ರೆಸ್ಸನ್ನು ಗೆಲ್ಲಿಸಿದ ರಾಜ್ಯ ಮರುವರ್ಷ ಬಿಜೆಪಿಗೆ 17 ಸಂಸದರನ್ನು ಕೊಟ್ಟಿತು; 2023ರಲ್ಲಿ ಕಾಂಗ್ರೆಸ್ಸಿಗೆ ದೊಡ್ಡ ಬಹುಮತ ಕೊಟ್ಟು 2024ರಲ್ಲಿ 9 ಲೋಕಸಭಾ ಸ್ಥಾನಕ್ಕೆ ನಿಲ್ಲಿಸಿತು. ಇಂಥ ಫಲಿತಾಂಶ ಬಂದಾಗಲೆಲ್ಲ, ರಾಜ್ಯ ಸರ್ಕಾರದ ಮೇಲೆ ವರ್ಷದೊಳಗೇ ಬೇಸರ ಬಂತು ಎನ್ನುವ ವಿಶ್ಲೇಷಣೆಗಳನ್ನು 1985ರ ನೆನಪಿಟ್ಟುಕೊಂಡು ಓದಬೇಕು.

ಒಡಕಿನ ದಶಕ

1989, 1994, 1999ರ ಮೂರೂ ಫಲಿತಾಂಶಗಳ ಹಿಂದೆ ಒಂದೇ ಬಗೆಯ ಕಥೆಯಿದೆ. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ಹೆಗಡೆ 1988ರಲ್ಲಿ ಇಳಿದರು. ಅವರ ನಂತರ ಬಂದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲಿನಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿ ವಜಾ ಮಾಡಲಾಯಿತು. ಆ ಕ್ರಮ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ, ಅಷ್ಟರಲ್ಲಿ ಸರ್ಕಾರಗಳೇ ಬದಲಾಗಿದ್ದವು. ಜನತಾ ಪಕ್ಷ ಜನತಾದಳವಾಗಿತ್ತು; 1989ರ ಚುನಾವಣೆಗೆ ದೇವೇಗೌಡರು ಅದರಿಂದ ಬೇರೆಯಾಗಿ ಜನತಾ ಗುರುತಿನಲ್ಲಿ ನಿಂತರು. ಜನತಾದಳಕ್ಕೆ ಸುಮಾರು ಶೇ 27, ಒಡೆದುಹೋದ ಬಣಕ್ಕೆ ಸುಮಾರು ಶೇ 11 ಮತ ಬಂತು, ಕೂಡಿಸಿದರೆ 38. ಒಡೆದದ್ದರಿಂದ ದಕ್ಕಿದ್ದು 24 ಮತ್ತು 2 ಸ್ಥಾನ. ದೇವೇಗೌಡರೇ ಹೊಳೆನರಸೀಪುರದಲ್ಲಿ ಸೋತರು. ಸುಮಾರು ಶೇ 44 ಮತ ಪಡೆದ ಕಾಂಗ್ರೆಸ್ಸಿಗೆ 178 ಸ್ಥಾನ. ಒಂಬತ್ತು ವರ್ಷ ಹೊರಗಿದ್ದ ರೈತ ಸಂಘವೂ ಆಗ ವಿಧಾನಸಭೆಯೊಳಗೆ ಕಾಲಿಟ್ಟಿತು.

ಇಷ್ಟು ದೊಡ್ಡ ಬಹುಮತವನ್ನು ಐದು ವರ್ಷದಲ್ಲಿ 34ಕ್ಕೆ ಇಳಿಸಿಕೊಂಡದ್ದು ಸಣ್ಣ ಸಾಧನೆಯಲ್ಲ. 1990ರಲ್ಲಿ ರಾಮನಗರ, ಚನ್ನಪಟ್ಟಣದ ಕಡೆ ಕೋಮುಗಲಭೆ ನಡೆದಾಗ, ಅನಾರೋಗ್ಯದಲ್ಲಿದ್ದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಬದಲಾಯಿಸುವುದಾಗಿ ರಾಜೀವ್ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಹೇಳಿಬಿಟ್ಟರು. ಲಿಂಗಾಯತರಲ್ಲಿ ಕಾಂಗ್ರೆಸ್ಸಿನ ಬೇರು ಅಲುಗಿದ್ದು ಆ ದಿನ ಎಂದು ಹಳೆಯ ಕಾಂಗ್ರೆಸ್ಸಿಗರು ಈಗಲೂ ಹೇಳುತ್ತಾರೆ. ನಂತರ ಕಾಂಗ್ರೆಸ್ಸಿಗೆ ಮರಳಿದ್ದ ಬಂಗಾರಪ್ಪ, ಆಮೇಲೆ ವೀರಪ್ಪ ಮೊಯಿಲಿ. ಪಕ್ಷ ಬಿಟ್ಟ ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ 1994ರಲ್ಲಿ ಶೇ 7ರಷ್ಟು ಮತ, 10 ಸ್ಥಾನ ಕಸಿದುಕೊಂಡಿತು. ಜನತಾದಳ 115 ಗೆದ್ದು ಅಧಿಕಾರಕ್ಕೆ ಬಂತು. 1999ರ ಹೊತ್ತಿಗೆ ಅದು ಮತ್ತೆ ಎರಡಾಗಿ, ಎರಡೂ ಸೇರಿ 28ಕ್ಕೆ ಇಳಿಯಿತು. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿಯಲ್ಲಿ ಸೋತರು.

ಏರಿದ ಮತ, ಇಳಿದ ಸ್ಥಾನ

ಮೂರು ಪಕ್ಷಗಳ ಸ್ಪರ್ಧೆ ಗಟ್ಟಿಯಾದ ಮೇಲೆ ಆಡಳಿತ ಪಕ್ಷದ ಸೋಲನ್ನು ಅರ್ಥ ಮಾಡಿಕೊಳ್ಳುವುದು ಇನ್ನಷ್ಟು ಕಷ್ಟವಾಗಿದೆ. ಎಸ್.ಎಂ. ಕೃಷ್ಣ ಸರ್ಕಾರದ ಕೊನೆಯ ವರ್ಷಗಳು ಸತತ ಬರದ ವರ್ಷಗಳು. ರೈತರ ಆತ್ಮಹತ್ಯೆಯ ಸುದ್ದಿ ದಿನವೂ ಬರುತ್ತಿದ್ದಾಗ ಬೆಂಗಳೂರಿನ ಐಟಿ ಹೆಮ್ಮೆ ಹಳ್ಳಿಗರಿಗೆ ಬೇರೆ ದೇಶದ ಮಾತಿನಂತೆ ಕೇಳುತ್ತಿತ್ತು. 2004ರಲ್ಲಿ ಕಾಂಗ್ರೆಸ್ 65ಕ್ಕೆ ಇಳಿಯಿತು. ಆದರೂ ಎಲ್ಲರಿಗಿಂತ ಹೆಚ್ಚು ಮತ, ಸುಮಾರು ಶೇ 35, ಅದಕ್ಕೇ ಬಂದಿತ್ತು. 79 ಸ್ಥಾನ ಗೆದ್ದ ಬಿಜೆಪಿಗೆ ಸುಮಾರು ಶೇ 28. 2008ರಲ್ಲೂ ಹಾಗೆಯೇ, 2018ರಲ್ಲೂ ಹಾಗೆಯೇ: ಮತದಲ್ಲಿ ಕಾಂಗ್ರೆಸ್ ಮುಂದೆ, ಸ್ಥಾನದಲ್ಲಿ ಬಿಜೆಪಿ ಮುಂದೆ. ಕಾಂಗ್ರೆಸ್ಸಿನ ಮತ ರಾಜ್ಯದ ತುಂಬ ತೆಳುವಾಗಿ ಹರಡಿದೆ, ಬಿಜೆಪಿಯದು ಕರಾವಳಿ, ಮಲೆನಾಡು, ಉತ್ತರದ ಜಿಲ್ಲೆಗಳಲ್ಲಿ ಒತ್ತಾಗಿದೆ, ಜನತಾದಳ ಒಡೆದು ಹುಟ್ಟಿದ ಜೆಡಿಎಸ್‌ನದು ಹಳೆಯ ಮೈಸೂರಿನಲ್ಲಿ ಮಾತ್ರ.

2013ರಲ್ಲಿ ಬಿಜೆಪಿ ಸರ್ಕಾರದ ಮೇಲಿನ ಸಿಟ್ಟು ಕಣ್ಣಿಗೆ ಕಾಣುವಂಥದಿತ್ತು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರಲ್ಲಿ ಕೊಟ್ಟ ವರದಿಯ ಬೆನ್ನಿಗೆ ಯಡಿಯೂರಪ್ಪ ರಾಜೀನಾಮೆ ಕೊಟ್ಟಿದ್ದರು. 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಐದು ವರ್ಷಕ್ಕೆ ಮೂವರು ಮುಖ್ಯಮಂತ್ರಿಗಳು, ನಡುನಡುವೆ ರೆಸಾರ್ಟ್ ಯಾತ್ರೆ. ಈ ಎಲ್ಲದರ ಲಾಭ ಪಡೆದ ಕಾಂಗ್ರೆಸ್ಸಿನ ಮತ ಹಿಂದಿನ ಸಲಕ್ಕಿಂತ ಹೆಚ್ಚಿದ್ದು ಎರಡು ಅಂಶಕ್ಕೂ ಕಡಿಮೆ. ಬಿಜೆಪಿಯ ಮತ ಶೇ 34ರಿಂದ 20ಕ್ಕೆ ಕುಸಿದದ್ದು ನಿಜ. ಅದರಲ್ಲಿ ಹತ್ತರ ಹತ್ತಿರ ಯಡಿಯೂರಪ್ಪನವರ ಕೆಜೆಪಿಗೂ, ಒಂದಿಷ್ಟು ಬಿ. ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ಸಿಗೂ ಹೋಗಿತ್ತು. ಸಿಟ್ಟಿನ ಪಾಲೆಷ್ಟು, ಒಡಕಿನ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ತಿರುಗುಮುರುಗಾದದ್ದು 2018ರಲ್ಲಿ. ಸಿದ್ದರಾಮಯ್ಯನವರು ದೇವರಾಜ ಅರಸರ ನಂತರ ಐದು ವರ್ಷದ ಅವಧಿಯನ್ನು ಪೂರ್ತಿ ಮುಗಿಸಿದ ಮೊದಲ ಮುಖ್ಯಮಂತ್ರಿ. ಅನ್ನಭಾಗ್ಯ, ಇಂದಿರಾ ಕ್ಯಾಂಟೀನ್ ಜನಪ್ರಿಯವಾಗಿದ್ದವು. ಪಕ್ಷದ ಮತ ಶೇ 36.6ರಿಂದ 38ಕ್ಕೆ ಏರಿತು, ಸ್ಥಾನ ಮೂರನೇ ಒಂದರಷ್ಟು ಇಳಿಯಿತು. ಒಡೆದವರು ಮತ್ತೆ ಒಂದಾಗಿದ್ದ ಬಿಜೆಪಿ 104ಕ್ಕೆ ಹೋಯಿತು. ಮುಖ್ಯಮಂತ್ರಿ ಚಾಮುಂಡೇಶ್ವರಿಯಲ್ಲಿ ಭಾರಿ ಅಂತರದಿಂದ ಸೋತರು, ಬಾದಾಮಿಯಲ್ಲಿ 1,700ಕ್ಕೂ ಕಡಿಮೆ ಮತಗಳಿಂದ ಉಳಿದುಕೊಂಡರು. ಇದನ್ನು ಆಡಳಿತ ವಿರೋಧಿ ಅಲೆ ಎನ್ನಬೇಕೇ? ಹೆಚ್ಚು ಜನ ಒಪ್ಪಿ ಮತ ಕೊಟ್ಟ ಸರ್ಕಾರ ಸೋತದ್ದಕ್ಕೆ ಆ ಹೆಸರು ಹೊಂದುವುದಿಲ್ಲ.

2023ರದು ಇದರ ಕನ್ನಡಿ ಬಿಂಬ. ಬಸವರಾಜ ಬೊಮ್ಮಾಯಿ ಸರ್ಕಾರದ ವಿರುದ್ಧ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರದ ‘ಶೇ 40 ಕಮಿಷನ್’ ಆರೋಪ ಕಾಂಗ್ರೆಸ್ಸಿನ ಪ್ರಚಾರದ ಬೆನ್ನೆಲುಬಾಯಿತು; ಬೆಂಗಳೂರಿನ ಗೋಡೆಗಳ ಮೇಲೆ ಪೇಸಿಎಂ ಪೋಸ್ಟರುಗಳು ಬಂದವು. ಅಡುಗೆ ಅನಿಲದ ಸಿಲಿಂಡರ್ ಸಾವಿರ ರೂಪಾಯಿ ದಾಟಿತ್ತು. ಮಹಿಳೆಯರಿಗೆ ಉಚಿತ ಬಸ್ಸು, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್ ವಿದ್ಯುತ್ ಮೊದಲಾದ ಐದು ಗ್ಯಾರಂಟಿಗಳನ್ನು ಕಾಂಗ್ರೆಸ್ ಮುಂದಿಟ್ಟಿತು. ಅದಕ್ಕೆ 135 ಸ್ಥಾನ ಬಂತು, ಬಿಜೆಪಿ 66ಕ್ಕೆ ಇಳಿಯಿತು, ಹತ್ತಕ್ಕೂ ಹೆಚ್ಚು ಸಚಿವರು ಸೋತರು. ಬಿಜೆಪಿಯ ಒಟ್ಟು ಮತ ಮಾತ್ರ ಎರಡೂ ಚುನಾವಣೆಗಳಲ್ಲಿ ಶೇ 36ರಲ್ಲೇ ನಿಂತಿತ್ತು. ಸುಮಾರು ಐದು ಅಂಶ ಕಳೆದುಕೊಂಡದ್ದು ಆಡಳಿತದಲ್ಲಿಲ್ಲದ ಜೆಡಿಎಸ್. ಕಾಂಗ್ರೆಸ್ ಗಳಿಸಿದ್ದೂ ಹೆಚ್ಚುಕಡಿಮೆ ಅಷ್ಟೇ. ಹಾಗೆಂದು ಸಿಟ್ಟು ಸುಳ್ಳಾಗಿತ್ತೆಂದಲ್ಲ. ಕಿತ್ತೂರು ಕರ್ನಾಟಕ, ಕಲ್ಯಾಣ ಕರ್ನಾಟಕ, ಮಧ್ಯ ಕರ್ನಾಟಕದಲ್ಲಿ ಬಿಜೆಪಿ ಕಳೆದುಕೊಂಡ ಮತ ಹಳೆಯ ಮೈಸೂರಿನಲ್ಲಿ ಹೊಸದಾಗಿ ಗಳಿಸಿದ ಮತದಡಿ ಮುಚ್ಚಿಹೋಗಿದೆ. ಹೊಸ ಮತ ಸ್ಥಾನವಾಗುವಷ್ಟಿರಲಿಲ್ಲ. ಹಳೆಯ ಮತ ಹೋದಲ್ಲೆಲ್ಲ ಸ್ಥಾನವೂ ಹೋಯಿತು.

ಶಿಕ್ಷೆ ಯಾರಿಗೆ

ಮತದಾರರ ಮುನಿಸು ಪಕ್ಷಕ್ಕೆ ತಟ್ಟುವಷ್ಟು ವ್ಯಕ್ತಿಗಳಿಗೆ ತಟ್ಟುವುದಿಲ್ಲ, ತಟ್ಟಿದರೂ ಬಹುಕಾಲ ಉಳಿಯುವುದಿಲ್ಲ. 1983ರಲ್ಲಿ ತಿರಸ್ಕೃತರಾದ ಗುಂಡೂರಾವ್ 1989ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದರು, 1980ರ ಅಬ್ಬರದಲ್ಲೂ ಅವರ ಪಕ್ಷಕ್ಕೆ ದಕ್ಕದೆ ಉಳಿದಿದ್ದ ಕ್ಷೇತ್ರ ಅದು. 1989ರಲ್ಲಿ ಸೋತ ದೇವೇಗೌಡರು 1994ರಲ್ಲಿ ಮುಖ್ಯಮಂತ್ರಿ, 1996ರಲ್ಲಿ ಪ್ರಧಾನಿ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ ನಡೆಸುತ್ತಿದ್ದ ಸಮ್ಮಿಶ್ರ ಸರ್ಕಾರ ಉರುಳಿಸಿ ಪಕ್ಷ ಬದಲಾಯಿಸಿದ ಶಾಸಕರ ಬಗ್ಗೆ ಟೀವಿ ಚರ್ಚೆಗಳಲ್ಲಿ ಎಷ್ಟು ಆಕ್ರೋಶವಿದ್ದರೂ, ಆ ವರ್ಷದ ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ ಬಿಜೆಪಿ 12 ಗೆದ್ದಿತು. 2023ರಲ್ಲಿ ಟಿಕೆಟ್ ಸಿಗದೆ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ ಇಬ್ಬರು ಹಿರಿಯರಲ್ಲಿ ಲಕ್ಷ್ಮಣ ಸವದಿ ಅಥಣಿಯಲ್ಲಿ ಗೆದ್ದರು, ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಹುಬ್ಬಳ್ಳಿಯಲ್ಲಿ ಸೋತರು. ಕ್ಷೇತ್ರದ ಲೆಕ್ಕ ರಾಜ್ಯದ ಲೆಕ್ಕಕ್ಕೆ ಬಗ್ಗುವುದಿಲ್ಲ.

ಯಾರೂ ಬೇಡ ಎನ್ನುವ ದಾರಿಯೂ ಈಗ ಇದೆ. 2018ರಿಂದ ರಾಜ್ಯದ ವಿಧಾನಸಭಾ ಚುನಾವಣೆಗಳ ಮತಯಂತ್ರದಲ್ಲಿ ನೋಟಾ ಗುಂಡಿಯಿದೆ; ಅದನ್ನು ಒತ್ತಿದವರು ಎರಡೂ ಸಲ ಶೇ 1ನ್ನು ಮುಟ್ಟಲಿಲ್ಲ. 1983ರಲ್ಲಿ 22 ಇದ್ದ ಪಕ್ಷೇತರರು 2023ರಲ್ಲಿ ಇಬ್ಬರು. ಮುನಿದ ಮತದಾರರು ಮೂರು ಪಕ್ಷಗಳ ನಡುವೆಯೇ ಓಡಾಡುತ್ತಾರೆ. ಮೂರೂ ಪಕ್ಷಗಳಿಗೆ ಅದು ಗೊತ್ತು.